ಎಲೆಯಿಂದ ಅಂಗೈಗೆ: ಹೊಗೆಸೊಪ್ಪಿನ ನಂಜು ಸಾಗುವ ದಾರಿ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಎಚ್‌.ಡಿ. ಕೋಟೆಯ ಬಳಿ ಸಿಗುವ ಕೂಡುರಸ್ತೆಗೆ ಹ್ಯಾಂಡ್‌ಪೋಸ್ಟ್ ಎಂದು ಹೆಸರು. ದಾರಿಹೋಕರಿಗೆ ಊರಿನ ದಿಕ್ಕು ತೋರಿಸುವ ಕೈಮರಕ್ಕೆ ಇಂಗ್ಲಿಷಿನಲ್ಲಿರುವ ಹೆಸರೇ ಇದು. ಮಳೆಗಾಲದಲ್ಲಿ ಇಲ್ಲಿಂದ ಹುಣಸೂರು, ಪಿರಿಯಾಪಟ್ಟಣಗಳ ಕಡೆ ಹೊರಟರೆ ಹೊಗೆಸೊಪ್ಪಿನ ಹೊಲಗಳೂ ನಡುನಡುವೆ ಸೊಪ್ಪು ಹದ ಮಾಡುವ ಬ್ಯಾರನ್‌ಗಳೂ ಕಾಣುತ್ತವೆ. ಆಳುಗಳು ಸಾಲಿನೊಳಗೆ ಬಗ್ಗಿ, ಬುಡದ ಕಡೆಯಿಂದ ಮಾಗಿದ ಎಲೆಗಳನ್ನು ಮುರಿದು ಕಂಕುಳಿಗೆ ಸೇರಿಸುತ್ತಾರೆ. ಎಲೆಯ ಮೇಲಿನ ನೀರು ತೋಳು, ಮಡಿಲು, ಬಟ್ಟೆ ಎಲ್ಲವನ್ನೂ ತೋಯಿಸುತ್ತದೆ.

ಬೀಡಿಯನ್ನೇ ಮುಟ್ಟದ ಹೆಂಗಸೊಬ್ಬಳಿಗೆ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತಿ ವಾಂತಿಯಾದರೆ, ಪಿತ್ತವೆಂದೋ ಖಾಲಿ ಹೊಟ್ಟೆಯೆಂದೋ ತಳ್ಳಿಹಾಕುವುದು ಸುಲಭ. ಆದರೆ ಬೆಂಕಿಯನ್ನೇ ಕಾಣದ ಹಸಿ ಎಲೆಯಿಂದಲೂ ನಿಕೋಟಿನ್ ಮೈಯೊಳಗೆ ಸೇರಬಲ್ಲದು. ಅದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಜೀವಕೋಶದ ಬಾಗಿಲನ್ನು ನೋಡಬೇಕು.

ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂತು. 1605ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ವಿಜಾಪುರದಲ್ಲಿ ಹೊಗೆಸೊಪ್ಪನ್ನು ಕಂಡು ಮೊಗಲ್ ಆಸ್ಥಾನಕ್ಕೆ ಒಯ್ದ. ಬಾದಷಹ ಅದನ್ನು ಸೇದಿ ನೋಡಿದಾಗ ಆಸ್ಥಾನದ ವೈದ್ಯ ಆಕ್ಷೇಪಿಸಿದನೆಂದು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಎಲೆಯಲ್ಲಿದ್ದ ವಸ್ತುವನ್ನು ಬೇರ್ಪಡಿಸಲು ಮತ್ತೆ ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪೊಸೆಲ್ಟ್ ಮತ್ತು ರೈಮನ್ ನಿಕೋಟಿನ್ನನ್ನು ಶುದ್ಧರೂಪದಲ್ಲಿ ಪಡೆದರು.

ವಸ್ತು ಸಿಕ್ಕಿತಾದರೂ ಅದರ ದಾರಿ ತಿಳಿದಿರಲಿಲ್ಲ. 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿದ್ದ ಅರ್ನೆಸ್ಟ್ ಓವರ್ಟನ್ ನೂರಾರು ವಸ್ತುಗಳನ್ನು ಸಸ್ಯ ಮತ್ತು ಪ್ರಾಣಿಕೋಶಗಳ ಮೇಲೆ ಪರೀಕ್ಷಿಸಿದರು. ಕೊಬ್ಬಿನಲ್ಲಿ ಕರಗುವ ವಸ್ತುಗಳು ಕೋಶದೊಳಕ್ಕೆ ಸಲೀಸಾಗಿ ಹೋದವು. ಸಕ್ಕರೆ, ಉಪ್ಪು ಹೊರಗೇ ನಿಂತವು. ಕೋಶದ ಹೊರಪೊರೆ ಕೊಬ್ಬಿನಂಥ ವಸ್ತುವಿನದಿರಬೇಕು ಎಂದು ಅವರು ಊಹಿಸಿದರು. ಊಹೆ ನಿಜವಾಯಿತು. ಸಕ್ಕರೆ, ಉಪ್ಪುಗಳಿಗೆ ಈ ಪೊರೆಯಲ್ಲಿ ಪ್ರೋಟೀನಿನ ಪ್ರತ್ಯೇಕ ಬಾಗಿಲುಗಳೂ ಶಕ್ತಿ ವ್ಯಯಿಸಿ ದುಡಿಯುವ ಪಂಪುಗಳೂ ಇವೆಯೆಂದು ಮುಂದೆ ತಿಳಿದುಬಂತು. ಅಂಥದೊಂದು ಪಂಪನ್ನು 1957ರಲ್ಲಿ ವಿವರಿಸಿದ ಡೆನ್ಮಾರ್ಕಿನ ಯೆನ್ಸ್ ಸ್ಕೋ ಅವರಿಗೆ 1997ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಿಕೋಟಿನ್ನಿಗೆ ಎರಡು ವೇಷ. ಹುಳಿಯ ಪರಿಸರದಲ್ಲಿ ಅದು ವಿದ್ಯುದಂಶ ಹೊತ್ತಿರುತ್ತದೆ, ಆಗ ಕೊಬ್ಬಿನ ಪೊರೆಯನ್ನು ದಾಟುವುದು ಕಷ್ಟ. ಕ್ಷಾರದ ಪರಿಸರದಲ್ಲಿ ವಿದ್ಯುದಂಶ ಕಳಚುತ್ತದೆ, ಆಗ ಪೊರೆಯ ಮೂಲಕ ನುಸುಳುತ್ತದೆ. ಹೊಗೆಸೊಪ್ಪನ್ನು ಅಂಗೈಯಲ್ಲಿಟ್ಟು ಸುಣ್ಣ ಹಚ್ಚಿ ಉಜ್ಜುವ ನಮ್ಮ ಹಿರಿಯರ ರೂಢಿಯ ರಸಾಯನಶಾಸ್ತ್ರ ಇದೇ. ಸುಣ್ಣದ ಕ್ಷಾರ ಸೇರಿದಾಗ ನಿಕೋಟಿನ್ ದವಡೆಯ ಒಳಪದರವನ್ನು ಬೇಗ ದಾಟಿ ರಕ್ತ ಸೇರುತ್ತದೆ, ಅಮಲು ಬೇಗ ಏರುತ್ತದೆ.

ಗಿಡದೊಳಗೂ ಇದೇ ನಿಯಮ ನಡೆಯುತ್ತದೆ. ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. 1940ರ ದಶಕದ ಆರಂಭದಲ್ಲಿ ಅಮೆರಿಕದ ರೇ ಡಾಸನ್ ಹೊಗೆಸೊಪ್ಪಿನ ಬೇರಿನ ಮೇಲೆ ಟೊಮ್ಯಾಟೊ ಕುಡಿಯನ್ನು ಕಸಿ ಮಾಡಿದಾಗ ಟೊಮ್ಯಾಟೊ ಎಲೆಯಲ್ಲೂ ನಿಕೋಟಿನ್ ತುಂಬಿಕೊಂಡಿತು. ಬೇರಿನಿಂದ ಏರಿದ ನಿಕೋಟಿನ್ನನ್ನು ಎಲೆಯ ಕೋಶಗಳು ತಮ್ಮೊಳಗಿನ ರಸದಾನಿ ಎಂಬ ಚೀಲಕ್ಕೆ ಸಾಗಿಸುತ್ತವೆ. ಹೀಗೆ ಸಾಗಿಸುವ ಪ್ರೋಟೀನೊಂದನ್ನು 2009ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ರಸದಾನಿಯ ಒಳಗೆ ಹುಳಿ ಹೆಚ್ಚು. ಒಳಹೋದ ನಿಕೋಟಿನ್ ವಿದ್ಯುದಂಶ ಹೊತ್ತು ಅಲ್ಲೇ ಸಿಕ್ಕಿಬೀಳುತ್ತದೆ. ಎಲೆ ತಿನ್ನುವ ಹುಳುಗಳಿಗೆ ಗಿಡ ಕೂಡಿಟ್ಟ ನಂಜು ಇದು. ಹೂ ಬರುವಾಗ ರೈತರು ಕುಡಿ ಮುರಿದರೆ ಎಲೆಯಲ್ಲಿ ಈ ಸಂಗ್ರಹ ಇನ್ನೂ ಹೆಚ್ಚುತ್ತದೆ.

ಎಲೆಯ ಮೇಲೆ ನೀರು ನಿಂತಾಗ ನಿಕೋಟಿನ್ ಅದರಲ್ಲಿ ಕರಗುತ್ತದೆ. ನಮ್ಮ ಚರ್ಮದ ಮೇಲ್ಪದರವೆಂದರೆ ಸತ್ತ ಕೋಶಗಳ ಗೋಡೆ. ಅವುಗಳ ನಡುವಿನ ಗಾರೆ ಕೊಬ್ಬು. ನೀರು ಸುಲಭವಾಗಿ ದಾಟದ ಈ ಗೋಡೆಯನ್ನು ಕೊಬ್ಬಿನಲ್ಲಿ ಕರಗುವ ನಿಕೋಟಿನ್ ದಾಟಬಲ್ಲದು. ಗಾಯವಿದ್ದರಂತೂ ದಾರಿ ಇನ್ನೂ ಸಲೀಸು. 1974ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎಲೆ ಕೀಳುವವರನ್ನು ಪರೀಕ್ಷಿಸಿದ ಸ್ಟೀಫನ್ ಗೆಲ್‌ಬಾಕ್ ಮತ್ತು ಸಂಗಡಿಗರು ಈ ತೊಂದರೆಯನ್ನು 'ಹಸಿರು ತಂಬಾಕು ಕಾಯಿಲೆ' ಎಂದು ಕರೆದರು. ತಲೆಸುತ್ತು, ತಲೆನೋವು, ಓಕರಿಕೆ, ವಾಂತಿ, ನಿಶ್ಶಕ್ತಿ ಇದರ ಲಕ್ಷಣಗಳು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತವೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅದೇ ದಶಕದಲ್ಲಿ ಗುಜರಾತಿನ ಹೊಗೆಸೊಪ್ಪಿನ ಕೂಲಿಕಾರರಲ್ಲೂ ಇಂಥ ತೊಂದರೆಗಳನ್ನು ದಾಖಲಿಸಿದರು.

ನಮ್ಮ ಸೀಮೆಗೆ ಇದು ಮುಖ್ಯವಾಗಲು ಇನ್ನೊಂದು ಕಾರಣವಿದೆ. ಆಂಧ್ರದ ಕರಿಮಣ್ಣಿನಲ್ಲಿ ಈ ಬೆಳೆ ಬರುವುದು ಮಳೆಗಾಲ ಮುಗಿದ ಮೇಲೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್‌.ಡಿ. ಕೋಟೆ ತಾಲ್ಲೂಕುಗಳಲ್ಲಿ ಅದು ಮುಂಗಾರಿನ ಬೆಳೆ. ಇಲ್ಲಿ ಮಳೆಯ ನಡುವೆಯೇ ಎಲೆ ಮುರಿಯಬೇಕು. 1984ರಲ್ಲಿ ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದಂದಿನಿಂದ ಎಲೆಯ ಬಣ್ಣ, ದರ್ಜೆ, ದರಗಳ ಬಗೆಗೆ ಪ್ರತಿವರ್ಷ ಚರ್ಚೆ ನಡೆಯುತ್ತದೆ. ಎಲೆ ಮುರಿದ ಕೈಗಳ ಮಾತು ಅಲ್ಲಿ ಬರುವುದು ಅಪರೂಪ.

ರಕ್ಷಣೆಯ ಉಪಾಯ ಕಷ್ಟದ್ದೇನೂ ಅಲ್ಲ. ಸಾಧ್ಯವಾದಷ್ಟು ಎಲೆ ಒಣಗಿದ ಮೇಲೆ ಮುರಿಯುವುದು, ನೀರು ಹೀರದ ಕೈಗವಸು ಮತ್ತು ಮೇಲುಡುಪು ಕೊಡುವುದು, ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪು ಹಚ್ಚಿ ಕೈ ತೊಳೆಯುವುದು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಹಸಿ ಸೊಪ್ಪಿನ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸೇದುವವನೋ, ಸೇದದೆ ಕೂಲಿಗೆ ಬಂದವಳೋ ಎಂಬುದನ್ನು ಮೈಯ ಪೊರೆ ವಿಚಾರಿಸುವುದಿಲ್ಲ. ಅದನ್ನು ವಿಚಾರಿಸಬೇಕಾದವರು ಕೂಲಿಗೆ ಕರೆದವರು.