ಎಳೆಯ ಮಕ್ಕಳಿಗೆ ಊಟ ಮಾಡಿಸುವ ಪದ್ಧತಿ ಮತ್ತು ತೂಕದ ಬೆಳವಣಿಗೆ

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳ ತೂಕವು ಅವರಿಗೆ ನೀಡುವ ಆಹಾರವನ್ನು ಮಾತ್ರವಲ್ಲದೆ, ಅದನ್ನು ಉಣಿಸುವ ರೀತಿಯನ್ನೂ ಅವಲಂಬಿಸಿರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 (2019-21)ರ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 32.9ರಷ್ಟು ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿರಲಿಲ್ಲ, ಶೇ. 3.2ರಷ್ಟು ಮಕ್ಕಳು ಅಧಿಕ ತೂಕ ಹೊಂದಿದ್ದರು.

ಎರಡನೆಯ ವರ್ಷದ ಹಸಿವು

ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡದಂತೆ ಗಂಡು ಮಗುವಿನ ಮಧ್ಯಮ ತೂಕವು ಹುಟ್ಟಿದಾಗ 3.3 ಕೆ.ಜಿ., ಒಂದು ವರ್ಷಕ್ಕೆ 9.6 ಕೆ.ಜಿ. ಹಾಗೂ ಎರಡು ವರ್ಷಕ್ಕೆ 12.2 ಕೆ.ಜಿ. ಇರುತ್ತದೆ. ಹೆಣ್ಣು ಮಗುವಿನಲ್ಲಿ ಇದು ಕ್ರಮವಾಗಿ 3.2, 8.9 ಹಾಗೂ 11.5 ಕೆ.ಜಿ. ಅಂದರೆ ಮೊದಲ ವರ್ಷ ಸುಮಾರು 6 ಕೆ.ಜಿ. ಹೆಚ್ಚುವ ಮಗು ಎರಡನೆಯ ವರ್ಷ ಸುಮಾರು ಎರಡೂವರೆ ಕೆ.ಜಿ. ಮಾತ್ರ ಹೆಚ್ಚುತ್ತದೆ. ಬೆಳವಣಿಗೆಯ ವೇಗ ತಗ್ಗಿದಂತೆ ಹಸಿವೂ ತಗ್ಗುವುದು ಸಹಜ. ಇದನ್ನು ಕಾಯಿಲೆಯೆಂದು ಭಾವಿಸಿ ಬಲವಂತವಾಗಿ ಉಣಿಸುವುದು ಸರಿಯಲ್ಲ.

ಪೋಷಕರ ರೂಢಿಗಳು ಮತ್ತು ಪರಿಣಾಮಗಳು

ಸಣಕಲಾಗಿ ಕಾಣುವ ಮಗುವನ್ನೇ ಪೋಷಕರು ಹೆಚ್ಚಾಗಿ ಒತ್ತಾಯಿಸುತ್ತಾರೆ. ಹೆದರಿಸಿ ಉಣಿಸಿದಲ್ಲಿ ಮಗು ಊಟವನ್ನೇ ದ್ವೇಷಿಸುವ ಸಂಭವವಿದೆ. ಮೊಬೈಲ್ ಅಥವಾ ಟಿ.ವಿ. ತೋರಿಸುತ್ತಾ ಉಣಿಸಿದಾಗ ಹೊಟ್ಟೆ ತುಂಬಿದ ಅರಿವು ಮಗುವಿನ ಗಮನಕ್ಕೆ ಬರುವುದಿಲ್ಲ. ಊಟ ಬಿಟ್ಟ ಮಗುವಿಗೆ ಬಿಸ್ಕತ್ತು, ಚಹಾ ನೀಡಿದಲ್ಲಿ ಮುಂದಿನ ಊಟವೂ ತಪ್ಪುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹಿರಿಯರ ತಟ್ಟೆಯಲ್ಲಿಯೇ ತಿನ್ನಲು ಬಿಟ್ಟ ಮಗು ಎಷ್ಟು ಉಂಡಿತೆಂಬುದು ಯಾರಿಗೂ ತಿಳಿಯುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಏನನ್ನು, ಯಾವಾಗ ನೀಡಬೇಕೆಂಬುದನ್ನು ಪೋಷಕರು ನಿರ್ಧರಿಸುವುದು. ಎಷ್ಟು ಉಣ್ಣಬೇಕೆಂಬುದನ್ನು ಮಗುವಿಗೆ ಬಿಡುವುದು.
2. ದಿನಕ್ಕೆ 3-4 ಬಾರಿ ಊಟ ಹಾಗೂ ಅಗತ್ಯಕ್ಕನುಗುಣವಾಗಿ 1-2 ಬಾರಿ ಹಣ್ಣು ಮುಂತಾದ ಲಘು ಆಹಾರ ನೀಡುವುದು. ಎರಡು ವರ್ಷದವರೆಗೆ ಹಾಗೂ ಅನಂತರವೂ ಎದೆಹಾಲು ಮುಂದುವರಿಸಬಹುದು.
3. ಮಗುವಿಗೆ ಪ್ರತ್ಯೇಕ ಬಟ್ಟಲಿನಲ್ಲಿ ಬಡಿಸಿ, ಜೊತೆಯಲ್ಲಿ ಕುಳಿತು, ಮಾತನಾಡಿಸುತ್ತಾ ಉಣಿಸುವುದು.
4. ಮೆತ್ತಗಿನ ಮುದ್ದೆ, ಅನ್ನ, ಬೇಳೆ, ಸೊಪ್ಪು, ಮೊಟ್ಟೆಗಳನ್ನು ಬದಲಾಯಿಸಿ ನೀಡುವುದು. ತಿರಸ್ಕರಿಸಿದ ಆಹಾರವನ್ನು ಕೆಲವು ದಿನಗಳ ನಂತರ ಪುನಃ ನೀಡುವುದು.
5. ಮಗು ಮುಖ ತಿರುಗಿಸಿದಲ್ಲಿ ಅಥವಾ ಬಾಯಿ ಮುಚ್ಚಿದಲ್ಲಿ ಊಟವನ್ನು ನಿಲ್ಲಿಸುವುದು.

ವೈದ್ಯಕೀಯ ಸಲಹೆ

ಮಗುವಿನ ಬೆಳವಣಿಗೆಯನ್ನು ತಟ್ಟೆಯಲ್ಲಿ ಉಳಿದ ಅನ್ನದಿಂದಲ್ಲ, ತೂಕದ ನಕ್ಷೆಯಿಂದ ಅಳೆಯತಕ್ಕದ್ದು. ಅಂಗನವಾಡಿ ಕೇಂದ್ರದಲ್ಲಿ ಪ್ರತಿ ತಿಂಗಳು ತೂಕ ಮಾಡಿಸುವುದು ಅವಶ್ಯಕ. ನಕ್ಷೆಯ ರೇಖೆ ಮೇಲೇರದೆ ಸಮತಟ್ಟಾದಲ್ಲಿ ಅಥವಾ ಇಳಿದಲ್ಲಿ ರಕ್ತಹೀನತೆ, ಸೋಂಕು ಮುಂತಾದ ಕಾರಣಗಳಿರಬಹುದಾದ್ದರಿಂದ, ಒತ್ತಾಯಿಸಿ ಉಣಿಸುತ್ತಾ ಕಾಲಹರಣ ಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕೂಡಲೇ ಸಂಪರ್ಕಿಸತಕ್ಕದ್ದು.