ಮೊತ್ತ ನೋಡಬ್ಯಾಡ್ರಿ, ವಿಂಗಡಣೆ ನೋಡ್ರಿ: ಮ್ಯಾಥ್ ರಾಕ್‌ನಿಂದ ಸುಳಾದಿವರೆಗೆ

1/8
ಮಸ್ಕಿ ಜೊತಿ ‘ರಾಕ್’ ಅಂದ ಕೂಡ್ಲೇ ನಮ್ಮ ಕಡಿ ಎಲ್ಲರಿಗೂ ನೆನಪಾಗೋದು ಅಶೋಕನ ಬಂಡೆಗಲ್ಲು ಶಾಸನ. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದು, ‘ದೇವಾನಾಂಪ್ರಿಯ’ ಅಂದ್ರ ಅಶೋಕನೇ ಅಂತ ಖಾತ್ರಿ ಮಾಡಿದ ಕಲ್ಲು ಅದು. ಈ ಸರಣಿ ಆ ರಾಕ್ ಬಗ್ಗೆ ಅಲ್ಲ. ಗಿಟಾರಿನ ರಾಕ್, ಅದ್ರಾಗೂ ಲೆಕ್ಕದ ರಾಕ್, ಅಂದ್ರ ಮ್ಯಾಥ್ ರಾಕ್ ಬಗ್ಗೆ. ಶುರು ಅಮೆರಿಕದಾಗ, ಬಂದು ನಿಲ್ಲೋದು ಮಾತ್ರ ನಮ್ಮ ರಾಯಚೂರು ಜಿಲ್ಲೆಯೊಳಗ.
ಉದ್ದ ಐತಿ. ಸೇವ್ ಮಾಡ್ಕೊಂಡು ಪುರಸೊತ್ತಿನಾಗ ಓದ್ರಿ. ಇಯರ್‌ಫೋನ್ ಬಾಜೂಕ ಇರ್ಲಿ.

2/8
ನಾವು ದಿನಾ ಕೇಳೋ ಹೆಚ್ಚಿನ ಹಾಡುಗಳು 4ರ ಲೆಕ್ಕದವು, ಇಲ್ಲಾಂದ್ರ 3 ಅಥವಾ 6ರವು. ತಲಿ ತಾನ ಅಲ್ಲಾಡ್ತೈತಿ, ಎಣಿಸೋ ಕೆಲಸ ಇಲ್ಲ. ಮ್ಯಾಥ್ ರಾಕ್ ಈ ಆರಾಮನ್ನೇ ಕೆಡಸ್ತೈತಿ. ಲೆಕ್ಕ 5 ಇರ್ತೈತಿ, 7 ಇರ್ತೈತಿ, 11 ಇರ್ತೈತಿ. ಒಂದು ಸಾಲಿನಾಗ ಒಂದು ಲೆಕ್ಕ, ಮುಂದಿನ ಸಾಲಿನಾಗ ಇನ್ನೊಂದು. ಗಿಟಾರು ಗದ್ದಲ ಮಾಡೋದಕ್ಕಿಂತ ಬಿಡಿ ಬಿಡಿ ಸ್ವರದಾಗ ಹೆಣೀತೈತಿ. ಮಾತು ಕಡಿಮಿ, ಎಷ್ಟೋ ಸಲ ಹಾಡುಗಾರನೇ ಇರಂಗಿಲ್ಲ.

ಇತಿಹಾಸ ಸಣ್ಣದಾಗಿ ಹೇಳ್ಬೇಕಂದ್ರ: ಕೆಂಟಕಿ ರಾಜ್ಯದ ಲೂಯಿವಿಲ್‌ನ ಹುಡುಗರ ಬ್ಯಾಂಡ್ ಸ್ಲಿಂಟ್, 1991ರಲ್ಲಿ ‘ಸ್ಪೈಡರ್‌ಲ್ಯಾಂಡ್’ ಅನ್ನೋ ಆಲ್ಬಮ್ ತಂತು. ಅದೇ ಹೊತ್ತಿಗೆ ಪಿಟ್ಸ್‌ಬರ್ಗ್‌ನಾಗ ಡಾನ್ ಕಬಾಲೆರೋ ಹುಟ್ಟಿತು. 2000ದಲ್ಲಿ ಟೋಕಿಯೋದ ‘ಟೋ’ ಬಂತು, 2007ರಲ್ಲಿ ನ್ಯೂಯಾರ್ಕಿನ ಬ್ಯಾಟಲ್ಸ್ ‘ಮಿರರ್ಡ್’ ಬಿಡುಗಡೆ ಮಾಡಿತು. ಪಂಕ್‌ನ ಸಿಟ್ಟು, ಪ್ರೋಗ್ರೆಸಿವ್ ರಾಕ್‌ನ ಲೆಕ್ಕ, ಅಷ್ಟಿಷ್ಟು ಜಾಝ್. ಹೀಂಗ ಅಂತ ಎಲ್ಲರೂ ಬರೀತಾರ.
ಆದ್ರ ‘ಪಂಕ್ + ಪ್ರೋಗ್ + ಜಾಝ್’ ಅನ್ನೋದು ಬರೀ ಮೊತ್ತ. ಮೊತ್ತ ನೋಡಿ ಲೆಕ್ಕ ಸರಿ ಐತಿ ಅಂತ ಯಾವ ಆಡಿಟರ್ರೂ ಸಹಿ ಹಾಕಂಗಿಲ್ಲ.

3/8
ಮೊದಲು ಎಣಿಸೋದು ಕಲಿಯೋಣ.
5 ಅಂದ್ರ: ತಕ ತಕಿಟ.
7 ಅಂದ್ರ: ತಕಿಟ ತಕದಿಮಿ.
9 ಅಂದ್ರ: ತಕದಿಮಿ ತಕ ತಕಿಟ.
ಬಾಯಲ್ಲಿ ಅನ್ಕೊಂತ ತೊಡಿ ಮ್ಯಾಲ ತಟ್ರಿ. ರೀಲ್ಸ್‌ನಾಗ ಕೊನ್ನಕ್ಕೋಲ್ ಅಂತ ನೋಡ್ತೀರಲ್ಲ, ಅದ್ರ ಮೊದಲನೇ ಪಾಠ ಇದೇ.

ಈಗ ಕೇಳ್ರಿ. ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’, 1959. ಅದು 5, ಆದ್ರ ಒಳಗ 3+2. ಅದೇ ಆಲ್ಬಮ್‌ನಾಗ ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿ ತಂದ 9ರ ಲೆಕ್ಕ ಐತಿ: 2+2+2+3. ನಮಗ ಗೊತ್ತಿರೋ 3+3+3 ಅಲ್ಲ. ಮೊತ್ತ ಒಂದೇ, ನಡಿಗೆ ಪೂರ್ತಿ ಬ್ಯಾರೆ.

ಆಮ್ಯಾಲೆ ಕಿಂಗ್ ಕ್ರಿಮ್ಸನ್‌ನ ‘ಫ್ರೇಮ್ ಬೈ ಫ್ರೇಮ್’, 1981. ಇಬ್ಬರು ಗಿಟಾರಿನವರು. ಒಬ್ಬರದು 7+7, ಅಂದ್ರ 14 ಸ್ವರದ ಸುತ್ತು. ಇನ್ನೊಬ್ಬರು ಅದ್ರಾಗ ಒಂದು ಸ್ವರ ಬಿಟ್ಟು 13 ಮಾಡ್ತಾರ. ಪ್ರತಿ ಸುತ್ತಿಗೂ ಒಂದೊಂದು ಸ್ವರ ದೂರ ಸರಕೋಂತ ಹೋಗಿ, ಮುಂದ ಮತ್ತ ಕೂಡ್ತಾರ. ಶಾಲ್ಯಾಗ ಲ.ಸಾ.ಅ. ಮಾಡಿದ್ವಲ್ಲ, ಅದು ಕಿವಿಗೆ ಕೇಳ್ತೈತಿ. ಹತ್ತು ವರ್ಷದ ಮ್ಯಾಲೆ ಬಂದ ಮ್ಯಾಥ್ ರಾಕ್‌ನವರು ಬಾಳ ಮಂದಿ ಈ ಹೆಣಿಗೆ ಮುಂದುವರಿಸಿದ್ರು.

4/8
‘ಇದು ನಮ್ಮ ಕಿವಿಗೆ ಒಗ್ಗಂಗಿಲ್ಲ ಬಿಡು’ ಅನ್ನೋರಿಗೆ ಒಂದು ಪ್ರಶ್ನೆ. ಹೈಸ್ಕೂಲಿನಾಗ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪೈತೇನು?
1, 2, 4, 5ನೇ ಸಾಲು: 3+4+3+4, ಅಂದ್ರ 14 ಮಾತ್ರೆ. 3 ಮತ್ತು 6ನೇ ಸಾಲು: 3+4+3+4+3+4, ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕ 102 ಮಾತ್ರೆ.
ಅಂದ್ರ 7ರ ಲೆಕ್ಕ. ತಕಿಟ ತಕದಿಮಿ. ನಡುವೆ ಸಾಲಿನ ಉದ್ದ ಬದಲಾಗ್ತೈತಿ, ಕೊನೆಗೆ ಎರಡು ಮಾತ್ರೆ ಹೆಚ್ಚಿಗಿ ಬಂದು ನಿಲ್ತೈತಿ. ಕುಮಾರವ್ಯಾಸ ತನ್ನ ಭಾರತವನ್ನು ಇದ್ರಾಗೇ ಬರದಾನ. ನಾವು ಎರಡು ಮಾರ್ಕ್ಸಿಗೆ ಗೀಟು ಹಾಕಿ ಬಿಟ್ವಿ, ಕಿವಿಗೊಟ್ಟು ಕೇಳಲಿಲ್ಲ. 7 ನಮಗ ಹೊಸದಲ್ಲ. 7ನ್ನು ಹಾಳಿ ಮ್ಯಾಲ ನೋಡಿದ್ವಿ, ಅಷ್ಟೇ.

5/8
ಈಗ ಊರಿಗೆ ಬರೋಣ.
ಸಿಂಧನೂರಿನಿಂದ ರಾಯಚೂರಿಗೆ ಹೋಗೋ ದಾರ್ಯಾಗ ಮಾನ್ವಿ. ಆ ತಾಲೂಕಿನ ಚೀಕಲಪರ್ವಿ ವಿಜಯದಾಸರ ಊರು (1682–1755). ಅವರ ಶಿಷ್ಯರಾದ ಗೋಪಾಲದಾಸರು ಮೊಸರಕಲ್ಲಿನವರು. ಜಗನ್ನಾಥದಾಸರು ಬ್ಯಾಗವಾಟದವರು. ಮೂವರೂ ನಮ್ಮ ಜಿಲ್ಲೆಯವರೇ.
ದಾಸರ ಪದ ಎಲ್ಲರಿಗೂ ಗೊತ್ತು. ಆದ್ರ ‘ಸುಳಾದಿ’ ಅಂತ ಇನ್ನೊಂದು ಐತಿ, ಅದನ್ನ ನಾವು ಕೇಳೋದು ಕಡಿಮಿ. ಶ್ರೀಪಾದರಾಜರು, ಪುರಂದರದಾಸರು ಬರೆದ ಪ್ರಕಾರ ಅದು. ವಿಜಯದಾಸರು ಅದನ್ನ ಬಾಳ ಬೆಳೆಸಿದ್ರು. ವಿಶೇಷ ಏನಂದ್ರ, ಒಂದೇ ರಚನೆಯೊಳಗ ನುಡಿ ನುಡಿಗೂ ತಾಳ ಬದಲಾಗ್ತೈತಿ. ಪುಸ್ತಕ ತೆರೆದು ನೋಡ್ರಿ, ಪ್ರತಿ ನುಡಿಯ ತಲಿ ಮ್ಯಾಲ ಬರೆದಿರ್ತಾರ: ಧ್ರುವತಾಳ, ಮಟ್ಟತಾಳ, ತ್ರಿವಿಡಿತಾಳ, ಅಟ್ಟತಾಳ... ಕೊನೆಗೆ ಎರಡು ಸಾಲಿನ ‘ಜತೆ’.

ಇವತ್ತಿನ ಕರ್ನಾಟಕ ಸಂಗೀತದ ಪಾಠದ ಪ್ರಕಾರ ಇವುಗಳ ಲೆಕ್ಕ:
ಧ್ರುವ: 4+2+4+4 = 14
ಅಟ್ಟ: 5+5+2+2 = 14
ಮಟ್ಟ: 4+2+4 = 10
ಝಂಪೆ: 7+1+2 = 10
ತ್ರಿವಿಡಿ ಅಂದ್ರ ತ್ರಿಪುಟ: 3+2+2 = 7

ನೋಡಿದ್ರಿ? 14 ಎರಡದಾವ, 10 ಎರಡದಾವ. ಬರೀ ಮೊತ್ತ ಮುಖ್ಯ ಆಗಿದ್ರ ಎರಡೆರಡು ಹೆಸರು ಯಾಕ ಬೇಕಿತ್ತು? ಬ್ಯಾಲೆನ್ಸ್ ಒಂದೇ, ಎಂಟ್ರಿ ಬ್ಯಾರೆ. ಕೈಯಾಗ ಹಾಕಿ ನೋಡಿದ್ರ ಮಟ್ಟ ಸಮ ಆಗಿ ತೂಗ್ತೈತಿ, ಝಂಪೆ ಒಂದು ಕಡಿ ವಾಲ್ತೈತಿ. ಮ್ಯಾಥ್ ರಾಕ್ ವಿಮರ್ಶೆ ಮಾಡೋಕ ಬೇಕಾದ ಮೊದಲ ಪಾಠ ನಮ್ಮ ಬಾಜೂಕಿನ ತಾಲೂಕಿನ ಪುಸ್ತಕದಾಗೇ ಇತ್ತು.
ಬ್ಯಾಸರದ ಮಾತಂದ್ರ, ಸುಳಾದಿ ಈಗ ಬಾಳ ಕಡಿ ಪಾರಾಯಣದಂಗ ಓದ್ತಾರ. ಅರ್ಥ ಉಳೀತೈತಿ. ತಲಿ ಮ್ಯಾಲಿನ ತಾಳದ ಹೆಸರು ಹಾಳ್ಯಾಗ ಮಾತ್ರ ಉಳೀತೈತಿ.

6/8
ಹಂಗಾದ್ರ ‘ವಿಜಯದಾಸರೇ ಮ್ಯಾಥ್ ರಾಕ್ ಕಂಡುಹಿಡಿದ್ರು’ ಅಂತ ಫಾರ್ವರ್ಡ್ ಮಾಡಬಹುದಾ? ದಯವಿಟ್ಟು ಬ್ಯಾಡ.
ಎರಡಕ್ಕೂ ದೊಡ್ಡ ಅಂತರ ಐತಿ. ತಾಳದಾಗ ಸುತ್ತು ಕೈಯಲ್ಲಿ ಗಟ್ಟಿಯಾಗಿ ನಿಂತಿರ್ತೈತಿ. ವಾದಕ ಅದರ ವಿರುದ್ಧ ಎಷ್ಟು ಆಟ ಆಡಿದ್ರೂ ಹೊರಳಿ ಸಮಕ್ಕ ಬರ್ಬೇಕು. ಮ್ಯಾಥ್ ರಾಕ್‌ನಾಗ ಸುತ್ತೇ ಮುರೀತೈತಿ. ಹೊರಳಿ ಬರೋ ಮನಿ ಅಂತ ಇರ್ಲೇಬೇಕಂತಿಲ್ಲ. ಆ ಕಳವಳವೇ ಅದರ ರುಚಿ. ಒಂದರಾಗ ಭಕ್ತಿ ಐತಿ, ಇನ್ನೊಂದರಾಗ 90ರ ದಶಕದ ಹುಡುಗರ ಚಡಪಡಿಕೆ. ಹೋಲಿಕೆ ಇದ್ದ ಮಾತ್ರಕ್ಕ ವಂಶಾವಳಿ ಆಗಂಗಿಲ್ಲ.
‘ಎಲ್ಲಾ ನಮ್ಮದೇ’ ಅನ್ನೋದೂ ಒಂದೇ, ‘ನಮ್ಮದೇನೂ ಇಲ್ಲ’ ಅನ್ನೋದೂ ಒಂದೇ. ಎರಡರಾಗೂ ಕಿವಿಗೆ ಕೆಲಸ ಇಲ್ಲ.

7/8
ನಿಜವಾಗಿ ಕೂಡಿದ ಬೆರಕೆ ಕೇಳ್ಬೇಕಂದ್ರ ಬೆಂಗಳೂರಿಗೆ ಹೋಗ್ರಿ. ಅಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಐತಿ. ಮೃದಂಗದ ಟಿ. ಎ. ಎಸ್. ಮಣಿ, ಗಾಯಕಿ ಆರ್. ಎ. ರಮಾಮಣಿ ಅದರ ದೊಡ್ಡ ಹೆಸರುಗಳು. 1983ರಲ್ಲಿ ಇವರೂ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋನೂ ಕೂಡಿ ‘ಜ್ಯೋತಿ’ ಅನ್ನೋ ಆಲ್ಬಮ್ ಮಾಡಿದ್ರು. ಜರ್ಮನಿಯ ಇಸಿಎಂ ಕಂಪನಿ ತಂದದ್ದು, ‘ಸ್ಪೈಡರ್‌ಲ್ಯಾಂಡ್’ಗಿಂತ 8 ವರ್ಷ ಮೊದಲು.
ಮೊತ್ತ: ಜಾಝ್ + ಕರ್ನಾಟಕ ಸಂಗೀತ. ವಿಂಗಡಣೆ ನೋಡ್ರಿ: ಡ್ರಮ್ ಸೆಟ್ ಇಲ್ಲ, ಗಿಟಾರ್ ಇಲ್ಲ. ಮೃದಂಗ, ಘಟ, ಖಂಜೀರ, ಮೋರ್ಚಿಂಗು, ಬಾಯಿಂದ ಕೊನ್ನಕ್ಕೋಲ್. ಅವು ತಮ್ಮ ತಾಳದಾಗೇ ಕುಂತಾವ. ಎದ್ದು ಬಂದು ಜಾಗ ಮಾಡ್ಕೊಂಡದ್ದು ಸ್ಯಾಕ್ಸೋಫೋನು. ಮರಿಯಾನೋ ನಾದಸ್ವರ ಕಲಿತಿದ್ದ ಮನುಷ್ಯ, ಆ ಕಲಿಕೆ ಅವರ ಉಸಿರಿನಾಗ ಕೇಳ್ತೈತಿ.
ಸಿತಾರಿನ ಒಂದು ತುಣುಕು ಕತ್ತರಿಸಿ ಬೀಟ್ ಮ್ಯಾಲ ಅಂಟಿಸೋದೂ ಬೆರಕೆನೇ, ಆದ್ರ ಅಲ್ಲಿ ಯಾರೂ ಯಾರಿಗೂ ಜಾಗ ಬಿಟ್ಟಿರಂಗಿಲ್ಲ.

ಇನ್ನೂ ಹತ್ರದ ಉದಾಹರಣೆ ಬೇಕಂದ್ರ, ಲಿಂಗಸುಗೂರು ತಾಲೂಕಿನ ಮುದಗಲ್ ಮೊಹರಂ. ಕರ್ಬಲಾದ ಕಥಿ, ಕನ್ನಡದ ರಿವಾಯತ್ ಪದ, ಹಲಗಿ ಏಟು, ಅಲಾಯಿ ಕುಣಿತದ ಹೆಜ್ಜೆ, ಕುಣಿಯೋರಲ್ಲಿ ಹಿಂದೂ ಯಾರು ಮುಸ್ಲಿಂ ಯಾರು ಅಂತ ಕೇಳೋರಿಲ್ಲ. ಅದನ್ನ ‘ಫ್ಯೂಷನ್’ ಅಂತ ಯಾರೂ ಪೋಸ್ಟರ್ ಹಚ್ಚಿಲ್ಲ. ಹಲಗಿ ಸದ್ದಿಗೆ ‘ಗದ್ದಲ’ ಅಂತ ಮುಖ ತಿರುವಿ, ಮನಿಗೆ ಬಂದು ಇಯರ್‌ಫೋನ್‌ನಾಗ ಡ್ರಮ್ ಕೇಳಿ ‘ಕ್ಲಾಸ್’ ಅಂದ್ರ, ನಾವು ಸಂಗೀತ ಕೇಳಲಿಲ್ಲ, ಪ್ಯಾಕೆಟ್ ನೋಡಿದ್ವಿ.

8/8
ಇನ್ನ ಮುಂದ ಯಾವ ಹಾಡು ಕೇಳಿದ್ರೂ ನಾಕು ಪ್ರಶ್ನೆ:
1. ಲೆಕ್ಕ ಎಷ್ಟು? (ಇದು ಸುಲಭದ್ದು.)
2. ಒಳಗ ಹೆಂಗ ಒಡದಾರ? 7 ಅಂದ್ರ 3+4 ಏನು, 3+2+2 ಏನು?
3. ಲೆಕ್ಕ ಹಿಡಿದವರು ಯಾರು, ಆಟ ಆಡೋರು ಯಾರು?
4. ಎರಡು ಪದ್ಧತಿ ಕೂಡಿದಾಗ ಜಾಗ ಬದಲಿಸಿದವರು ಯಾರು?
ನಾಕಕ್ಕೂ ಉತ್ತರ ಸಿಕ್ಕ ಮ್ಯಾಲೂ ಹಾಡು ಒಣಾ ಲೆಕ್ಕದಂಗ ಕೇಳಿದ್ರ, ‘ಚೊಲೋ ಇಲ್ಲ’ ಅನ್ರಿ. ಕಠಿಣ ಐತಿ ಅಂದ ಮಾತ್ರಕ್ಕ ದೊಡ್ಡದಾಗಂಗಿಲ್ಲ, ಅಮೆರಿಕದ್ದಾದ್ರೂ ಅಷ್ಟೇ, ನಮ್ಮದಾದ್ರೂ ಅಷ್ಟೇ.

ಒಂದು ಹೋಮ್‌ವರ್ಕ್. ಮನ್ಯಾಗ ಅಜ್ಜಿ ಹತ್ರ ಸುಳಾದಿ ಪುಸ್ತಕ ಇದ್ರ ತೆಗೀರಿ. ತ್ರಿವಿಡಿತಾಳ ಅಂತ ಬರೆದ ನುಡಿ ಹುಡುಕ್ರಿ. 3+2+2 ತಟ್ಟಿಕೊಂತ ಓದ್ರಿ. ಅಕ್ಷರ ಎಲ್ಲಿ ತಾಳಕ್ಕ ಕೂಡ್ತು, ಎಲ್ಲಿ ತಪ್ಪಿತು, ಕಮೆಂಟ್‌ನಾಗ ಬರೀರಿ. ಮುದಗಲ್ ಕಡಿಯವರು ಹಲಗಿ ಏಟು ಬಾಯಲ್ಲಿ ಹೇಳಿ ವಾಯ್ಸ್ ನೋಟ್ ಕಳಸ್ರಿ, ಕೂಡಿ ಎಣಿಸೋಣ.

#ಮ್ಯಾಥ್‌ರಾಕ್ #ಸುಳಾದಿ #ಸಿಂಧನೂರು #ಲಿಂಗಸುಗೂರು #ಮಸ್ಕಿ #ಕಿವಿಕೊಟ್ಟುಕೇಳ್ರಿ