ಕೈತೋಟದ ಹಳೆಯ ಏರುಮಡಿಗಳ ಮರುನಿರ್ಮಾಣ: ಬೇಸಿಗೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಮನೆಯ ಹಿತ್ತಲಿನಲ್ಲಿ ಕಲ್ಲು, ಇಟ್ಟಿಗೆ ಅಥವಾ ಮರದ ಅಂಚು ಕಟ್ಟಿ ನಿರ್ಮಿಸಿದ ತರಕಾರಿ ಏರುಮಡಿಗಳು ಕೆಲವು ವರ್ಷಗಳಲ್ಲಿ ಶಿಥಿಲಗೊಳ್ಳುವುದು ಸಹಜ. ಅಂಚು ಕುಸಿಯುತ್ತದೆ, ಮಣ್ಣು ತಗ್ಗುತ್ತದೆ, ಇಳುವರಿ ಕುಂಠಿತವಾಗುತ್ತದೆ. ಆಗ ಅಂಚನ್ನು ಹೊಸದಾಗಿ ಕಟ್ಟಿ, ಹಳೆಯ ಮಣ್ಣನ್ನೇ ತುಂಬಿಸುವುದು ಅಥವಾ ಆ ಮಣ್ಣನ್ನು ಹೊಲಕ್ಕೆ ಚೆಲ್ಲುವುದು ರೂಢಿಯಲ್ಲಿದೆ. ಮಣ್ಣಿನಲ್ಲಿ ಬೇರುಗಂಟು ಜಂತು ಅಥವಾ ದುಂಡಾಣು ಸೊರಗು ರೋಗವಿದ್ದರೆ ಈ ಎರಡೂ ಕ್ರಮಗಳು ಹಾನಿಕರ. ಆದುದರಿಂದ ಅಂಚಿಗಿಂತ ಮೊದಲು ಮಣ್ಣನ್ನು ಪರಿಶೀಲಿಸಬೇಕು. ಯುಗಾದಿಯಿಂದ ಮುಂಗಾರಿನವರೆಗಿನ ಅವಧಿಯು ಈ ಕೆಲಸಕ್ಕೆ ಅತ್ಯಂತ ಸೂಕ್ತ.

ಮಣ್ಣಿನ ಆರೋಗ್ಯ ಪರೀಕ್ಷೆ

ಕೊನೆಯ ಬೆಳೆಯನ್ನು ತೆಗೆಯುವಾಗ ಗಿಡಗಳನ್ನು ಎಳೆಯದೆ, ಬೇರುಸಹಿತ ಅಗೆದು ತೊಳೆದು ನೋಡಬೇಕು.

1. ಬೇರುಗಂಟು ಜಂತು: ಟೊಮೆಟೊ, ಬದನೆ, ಬೆಂಡೆ, ಸೌತೆಯ ಬೇರುಗಳಲ್ಲಿ ಗಂಟುಗಳು ಕಾಣುತ್ತವೆ. ಬೇರೇ ಊದಿಕೊಂಡಿರುವುದರಿಂದ ಇವು ಉಜ್ಜಿದರೆ ಉದುರುವುದಿಲ್ಲ. ಹುರುಳಿಕಾಯಿ, ಅಲಸಂದೆಗಳ ಬೇರಿನಲ್ಲಿರುವ ಉಪಕಾರಿ ರೈಜೋಬಿಯಂ ಗಂಟುಗಳು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಸುಲಭವಾಗಿ ಉದುರುತ್ತವೆ. ಇವೆರಡನ್ನೂ ಒಂದೇ ಎಂದು ಭಾವಿಸಬಾರದು.

2. ದುಂಡಾಣು ಸೊರಗು ರೋಗ: ಎಲೆಗಳು ಹಸಿರಾಗಿರುವಾಗಲೇ ಗಿಡ ಹಠಾತ್ತನೆ ಬಾಡುತ್ತದೆ. ಬುಡದ ಕಾಂಡವನ್ನು ಕತ್ತರಿಸಿ, ತಿಳಿನೀರಿರುವ ಗಾಜಿನ ಲೋಟದಲ್ಲಿ ತೂಗುಹಾಕಿದರೆ ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ದ್ರವ ಎಳೆಯಾಗಿ ಇಳಿಯುತ್ತದೆ.

3. ಲವಣಾಂಶ: ಕೊಳವೆಬಾವಿಯ ಗಡಸು ನೀರನ್ನು ಸತತವಾಗಿ ಬಳಸಿದ ಮಡಿಗಳ ಮೇಲ್ಮೈಯಲ್ಲಿ ಬಿಳಿ ಪದರ ಕಂಡುಬರಬಹುದು. ಇಂತಹ ಮಣ್ಣಿನ ಮಾದರಿಯನ್ನು ಕೃಷಿ ವಿಜ್ಞಾನ ಕೇಂದ್ರ ಅಥವಾ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸಿ ರಸಸಾರ ಮತ್ತು ಲವಣಾಂಶ ತಿಳಿಯಬೇಕು. ತರಕಾರಿಗಳಿಗೆ ಸಾಮಾನ್ಯವಾಗಿ 6.0 ರಿಂದ 7.5 ರ ರಸಸಾರ ಉತ್ತಮ.

ಮಡಿಯಲ್ಲಿ ಈಗ ಬೆಳೆ ಇಲ್ಲದಿದ್ದರೆ, ಅದರ ಮಣ್ಣನ್ನು ಕುಂಡಕ್ಕೆ ತುಂಬಿ ಟೊಮೆಟೊ ಸಸಿ ನೆಟ್ಟು, ಸುಮಾರು 45 ದಿನಗಳ ನಂತರ ಬೇರನ್ನು ಪರೀಕ್ಷಿಸಿ ಬೇರುಗಂಟು ಜಂತುವಿನ ಇರುವಿಕೆಯನ್ನು ತಿಳಿಯಬಹುದು.

ಹಳೆಯ ಅಂಚಿನ ವಿಲೇವಾರಿ

ಗೆದ್ದಲು ಹಿಡಿದ ಸಾಮಾನ್ಯ ಮರವನ್ನು ತೋಟದಿಂದ ದೂರ ಸಾಗಿಸಬೇಕು. ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳಿಂದ ಸಂಸ್ಕರಿಸಿದ ಮರವನ್ನು ಎಂದಿಗೂ ಸುಡಬಾರದು; ಅದರ ಹೊಗೆ ಮತ್ತು ಬೂದಿ ಎರಡೂ ವಿಷಕಾರಿ. ಕ್ರಿಯೊಸೋಟ್ ಲೇಪಿತ ರೈಲ್ವೆ ಸ್ಲೀಪರ್‌ಗಳನ್ನು ಸುಡುವುದಾಗಲಿ, ತರಕಾರಿ ಮಡಿಗೆ ಮರುಬಳಸುವುದಾಗಲಿ ಸಲ್ಲದು. ಕಲ್ನಾರಿನ ಶೀಟಿನ ತುಂಡುಗಳಿದ್ದಲ್ಲಿ ನೀರು ಚಿಮುಕಿಸಿ, ಮೂಗು-ಬಾಯಿಗೆ ಸೂಕ್ತ ಮುಖಗವಸು ಧರಿಸಿ, ಒಡೆಯದೆ ತೆಗೆಯಬೇಕು. ಒಣಗಿದ ಶೀಟನ್ನು ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಮಣ್ಣಿನ ಸೌರೀಕರಣ

ಬೇರುಗಂಟು ಜಂತು, ಶಿಲೀಂಧ್ರ ರೋಗಾಣುಗಳು ಮತ್ತು ಕಳೆಬೀಜಗಳ ಪ್ರಮಾಣವನ್ನು ತಗ್ಗಿಸಲು ಬೇಸಿಗೆಯ ಬಿಸಿಲೇ ಅಗ್ಗದ ಸಾಧನ.

• ಜೇಕಿನ ಗಡ್ಡೆ ಮತ್ತು ಗರಿಕೆಯ ಬೇರುಗಳನ್ನು ಕೈಯಿಂದ ಆರಿಸಿ ತೆಗೆಯಬೇಕು. ಇವು ಸೌರೀಕರಣದಿಂದ ಪೂರ್ಣವಾಗಿ ಸಾಯುವುದಿಲ್ಲ.
• ಶಾಖವು ಮೇಲಿನ ಪದರಕ್ಕಷ್ಟೇ ಚೆನ್ನಾಗಿ ತಲುಪುವುದರಿಂದ ಮಣ್ಣನ್ನು 15 ಸೆಂ.ಮೀ. ದಪ್ಪಕ್ಕೆ ಹರಡಬೇಕು. ರೋಗವು ಹೊಸ ಜಾಗಕ್ಕೆ ಹಬ್ಬದಂತೆ ಅಡಿಯಲ್ಲಿ ತಾಡಪಾಲು ಹಾಸಬೇಕು.
• ಮಣ್ಣನ್ನು ನೀರಿನಿಂದ ಚೆನ್ನಾಗಿ ತೋಯಿಸಬೇಕು. ಒಣಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯದು.
• 25 ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಬೇಕು. ಕಪ್ಪು ಹಾಳೆಯಿಂದ ಇಷ್ಟು ಶಾಖ ದೊರೆಯುವುದಿಲ್ಲ.
• 4 ರಿಂದ 6 ವಾರ ಹಾಗೆಯೇ ಬಿಡಬೇಕು. ಹಾಳೆ ಹರಿದರೆ ಕೂಡಲೇ ಅಂಟಿಸಬೇಕು.

ಕರಾವಳಿ ಮತ್ತು ಮಲೆನಾಡಿನಲ್ಲಿ ಮೇ ತಿಂಗಳ ಮೋಡ, ಮಳೆಗಳು ಅಡ್ಡಿಯಾಗುವುದರಿಂದ ಮಾರ್ಚ್‌ನಲ್ಲೇ ಆರಂಭಿಸುವುದು ಒಳಿತು.

ದುಂಡಾಣು ಸೊರಗು ರೋಗದ ಮಣ್ಣಿಗೆ ಸೌರೀಕರಣವೊಂದನ್ನೇ ನಂಬುವಂತಿಲ್ಲ. ಅದನ್ನು ತರಕಾರಿ ಮಡಿಗೆ ಮರಳಿ ತುಂಬಿಸದಿರುವುದು ಸುರಕ್ಷಿತ. ಹೊಲಕ್ಕೆ, ಸಸಿಮಡಿಗೆ ಅಥವಾ ನೀರು ಹರಿದು ಹೊಲ ಸೇರುವ ಜಾಗಕ್ಕೆ ಹಾಕದೆ, ಬೆಳೆ ಬೆಳೆಯದ ತಗ್ಗನ್ನು ತುಂಬಲು ಬಳಸಬೇಕು. ಗುದ್ದಲಿ, ಪುಟ್ಟಿ, ಪಾದರಕ್ಷೆಗಳನ್ನು ತೊಳೆದ ನಂತರವೇ ಹೊಲಕ್ಕೆ ಒಯ್ಯಬೇಕು.

ಹೊಸ ಮಡಿಯ ನಿರ್ಮಾಣ

ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ದೊಡ್ಡ ಮರಗಳ ಬೇರಿನಿಂದ ದೂರವಿರುವ ಜಾಗವನ್ನು ಆಯ್ದುಕೊಳ್ಳಬೇಕು. ಎರಡೂ ಬದಿಯಿಂದ ಕೈಗೆಟುಕುವಂತೆ ಅಗಲ 1.2 ಮೀ. ಮೀರಬಾರದು. ಎತ್ತರ 30 ಸೆಂ.ಮೀ., ಮಡಿಗಳ ನಡುವಿನ ಕಾಲುದಾರಿ 45 ರಿಂದ 60 ಸೆಂ.ಮೀ. ಇರಲಿ. ಅಂಚಿಗೆ ಸ್ಥಳೀಯವಾಗಿ ದೊರೆಯುವ ಸೈಜುಗಲ್ಲು, ಚಪ್ಪಡಿ, ಕರಾವಳಿಯ ಕೆಂಪುಕಲ್ಲು ಅಥವಾ ಸುಟ್ಟ ಇಟ್ಟಿಗೆ ಬಾಳಿಕೆ ಬರುತ್ತವೆ. ಬಿದಿರು ಅಗ್ಗವಾದರೂ ಬೇಗ ಕೊಳೆಯುತ್ತದೆ. ಗಾರೆಯಿಂದ ಕಟ್ಟಿದಲ್ಲಿ ತಳದಲ್ಲಿ ನೀರು ಬಸಿಯಲು ರಂಧ್ರಗಳನ್ನು ಬಿಡಬೇಕು. ತಳಕ್ಕೆ ಕಾಂಕ್ರೀಟ್ ಹಾಕದೆ, ನೆಲವನ್ನು ಒಂದು ಗುದ್ದಲಿಯಷ್ಟು ಆಳಕ್ಕೆ ಸಡಿಲಿಸಬೇಕು.

ಈ ಅಳತೆಗಳು ನೆಲದ ಮೇಲಿನ ಮಡಿಗಳಿಗೆ ಮಾತ್ರ ಅನ್ವಯಿಸುತ್ತವೆ. 30 ಸೆಂ.ಮೀ. ಎತ್ತರದ ತೇವಭರಿತ ಮಣ್ಣು ಚದರ ಮೀಟರಿಗೆ ಸುಮಾರು 500 ಕಿ.ಗ್ರಾಂ. ತೂಗುವುದರಿಂದ ತಾರಸಿಯ ಮೇಲೆ ಇಂತಹ ಮಡಿ ಕಟ್ಟಬಾರದು.

ಮಣ್ಣು ತುಂಬುವ ವಿಧಾನ

3 ಮೀ. ಉದ್ದ, 1.2 ಮೀ. ಅಗಲ, 30 ಸೆಂ.ಮೀ. ಎತ್ತರದ ಮಡಿಗೆ ಸುಮಾರು 1,080 ಲೀಟರ್, ಅಂದರೆ 15 ಲೀಟರ್ ಹಿಡಿಯುವ ಪುಟ್ಟಿಯಲ್ಲಿ 72 ಪುಟ್ಟಿ ಮಿಶ್ರಣ ಬೇಕಾಗುತ್ತದೆ:

• ಸೌರೀಕರಿಸಿದ ಹಳೆಯ ಮಣ್ಣು: 36 ಪುಟ್ಟಿ
• ಹೊಸ ಕೆಂಪುಮಣ್ಣು: 18 ಪುಟ್ಟಿ
• ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ: 18 ಪುಟ್ಟಿ
• ಬೇವಿನ ಹಿಂಡಿ: ಚದರ ಮೀಟರಿಗೆ 200 ಗ್ರಾಂನಂತೆ ಸುಮಾರು 700 ಗ್ರಾಂ

ಹಳೆಯ ಮಣ್ಣು ಜಿಗುಟಾದ ಎರೆಮಣ್ಣಾಗಿದ್ದರೆ ಅದರ ಪಾಲನ್ನು ತಗ್ಗಿಸಿ ಕೆಂಪುಮಣ್ಣನ್ನು ಹೆಚ್ಚಿಸಬೇಕು. ಸೌರೀಕರಣದಲ್ಲಿ ಉಪಕಾರಿ ಜೀವಿಗಳೂ ಕಡಿಮೆಯಾಗುವುದರಿಂದ, ಹಾಳೆ ತೆಗೆದ ನಂತರವೇ ಟ್ರೈಕೋಡರ್ಮ ಸೇರಿಸಬೇಕು. 10 ಕಿ.ಗ್ರಾಂ. ತೇವಭರಿತ ಕೊಟ್ಟಿಗೆ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮ ಬೆರೆಸಿ, ನೆರಳಿನಲ್ಲಿ 15 ದಿನ ಗೋಣಿಚೀಲ ಹೊದಿಸಿಟ್ಟು ಮಡಿಯ ಮೇಲ್ಪದರಕ್ಕೆ ಸೇರಿಸಬೇಕು. ಮಿಶ್ರಣ ಕುಸಿಯುವುದರಿಂದ ನೀರುಣಿಸಿ ಒಂದು ವಾರ ಬಿಟ್ಟು, ತಗ್ಗಿದಷ್ಟನ್ನು ಮತ್ತೆ ತುಂಬಬೇಕು.

ಮೊದಲ ಬೆಳೆಯ ಆಯ್ಕೆ

ಬೇರುಗಂಟು ಜಂತು ಇದ್ದ ಮಡಿಯಲ್ಲಿ ಮೊದಲು ಚೆಂಡುಹೂವನ್ನು ದಟ್ಟವಾಗಿ ಬೆಳೆಯುವುದು ಸೂಕ್ತ. ಸೊರಗು ರೋಗ ಕಂಡಿದ್ದ ಸ್ಥಳದಲ್ಲಿ ಮಣ್ಣು ಬದಲಿಸಿದರೂ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ, ಶುಂಠಿಗಳನ್ನು ಕೂಡಲೇ ಬೆಳೆಯದೆ ಮೆಕ್ಕೆಜೋಳದಿಂದ ಆರಂಭಿಸಬೇಕು. ನಂತರ ಟೊಮೆಟೊ ಬೆಳೆಯುವುದಾದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಬದನೆಯಾದರೆ ಅರ್ಕಾ ನಿಧಿಯಂತಹ ಸೊರಗು ರೋಗ ನಿರೋಧಕ ತಳಿಗಳನ್ನು ಆರಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಕೈತೋಟದ ಸಸಿಗಳು ಹೊಲಕ್ಕೂ ನೆರೆಮನೆಗೂ ಸಾಗುವುದರಿಂದ ಹಿತ್ತಲಿನ ರೋಗವು ಹಿತ್ತಲಿನಲ್ಲೇ ಉಳಿಯುವುದಿಲ್ಲ. ಗ್ರಾಮಭೇಟಿಯ ಸಂದರ್ಭದಲ್ಲಿ ಬೇರು ತೊಳೆದು ನೋಡುವ ಮತ್ತು ಗಾಜಿನ ಲೋಟದ ಪರೀಕ್ಷೆಗಳನ್ನು, ವಿಶೇಷವಾಗಿ ಕೈತೋಟ ನಿರ್ವಹಿಸುವ ಮಹಿಳೆಯರಿಗೆ, ಪ್ರಾತ್ಯಕ್ಷಿಕೆಯ ಮೂಲಕ ತೋರಿಸಿಕೊಡುವುದು ಉಪಯುಕ್ತ.